ಕ್ಷಮಾ ಸಾವಂತ್ ‘ನಮ್ಮವರಾ’ ಅಂತ ಕೇಳೋದು ಸಾಕಾ? ಸಿಯಾಟಲ್ ಕೌನ್ಸಿಲ್ ಅಭ್ಯರ್ಥಿಯನ್ನು ಹೇಗೆ ಅಳೆಯೋದು?

ಕ್ಯಾಪಿಟಲ್ ಹಿಲ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಸಿಯಾಟಲ್‌ಗೆ ಹೊಸದಾಗಿ ಬಂದ ನಮ್ಮ ಕಡೆಯವರು ಇಲ್ಲಿನ ರಾಜಕೀಯದ ಮಾತೆತ್ತಿದರೆ, ಇಲ್ಲಿನ ಸಿಟಿ ಕೌನ್ಸಿಲ್‌ನಲ್ಲಿ (ನಮ್ಮ ನಗರಪಾಲಿಕೆ ಇದ್ದ ಹಾಗೆ) ಸದಸ್ಯೆಯಾಗಿದ್ದ ಕ್ಷಮಾ ಸಾವಂತ್ ಹೆಸರು ಬಂದೇ ಬರುತ್ತದೆ. ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ‘ಯಾವ ಕಡೆಯವರು? ನಮ್ಮವರಾ?’ ಸಾವಂತ್ ಅಂದ ಕೂಡಲೇ ಮರಾಠಿಯವರು ಅನ್ನುತ್ತಾರೆ. ತಾಯಿ ಬೆಂಗಳೂರಿನಲ್ಲಿದ್ದಾರೆ ಅಂದ ಕೂಡಲೇ ಹಾಗಾದರೆ ಕನ್ನಡದವರೇ ಇರಬೇಕು ಅನ್ನುತ್ತಾರೆ. ನಾನು ಇರೋದು ಅವರು ಪ್ರತಿನಿಧಿಸಿದ ಮೂರನೇ ಡಿಸ್ಟ್ರಿಕ್ಟ್‌ನಲ್ಲೇ. ಅವರಿಗೆ ವೋಟು ಹಾಕಿದ್ದೇನೆ, ಅವರ ಮೇಲೆ ಸಿಟ್ಟೂ ಮಾಡಿಕೊಂಡಿದ್ದೇನೆ. ಹಾಗಾಗಿ ಗೊತ್ತಿರುವುದನ್ನು ಒಂದು ಕಡೆ ಬರೆದಿಡುತ್ತೇನೆ. ಬೇರೆ ಅಭಿಪ್ರಾಯ ಇದ್ದವರು ದಯವಿಟ್ಟು ಹೇಳಿ.

ಹುಟ್ಟಿದ್ದು 1973ರಲ್ಲಿ ಪುಣೆಯಲ್ಲಿ, ಬೆಳೆದದ್ದು ಮುಂಬೈನಲ್ಲಿ. ತಮಿಳು ಮಾತಾಡುವ ಬ್ರಾಹ್ಮಣ ಕುಟುಂಬ. ತಾಯಿ ಶಾಲೆಯಲ್ಲಿ ಪ್ರಾಂಶುಪಾಲರಾಗಿದ್ದವರು. ತಂದೆ ಸಿವಿಲ್ ಇಂಜಿನಿಯರ್. ಕ್ಷಮಾ ಇನ್ನೂ ಚಿಕ್ಕವರಿದ್ದಾಗಲೇ ಕುಡಿದು ಗಾಡಿ ಓಡಿಸಿದವನೊಬ್ಬನಿಂದ ತಂದೆ ತೀರಿಕೊಂಡರು. ಮುಂಬೈ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದಿ ಅಮೆರಿಕಕ್ಕೆ ಬಂದರು. ಇಲ್ಲಿ ಇಂಜಿನಿಯರ್ ಕೆಲಸ ಬಿಟ್ಟು ಅರ್ಥಶಾಸ್ತ್ರದ ಕಡೆ ತಿರುಗಿದರು. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದರು. ಸಿಯಾಟಲ್‌ಗೆ ಬಂದದ್ದು 2006ರಲ್ಲಿ. ಸಿಯಾಟಲ್ ಸೆಂಟ್ರಲ್ ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. 2011ರಲ್ಲಿ ಆರ್ಥಿಕ ಅಸಮಾನತೆ ವಿರುದ್ಧದ ‘ಆಕ್ಯುಪೈ’ ಚಳವಳಿಯ ಡೇರೆಗಳು ಬಂದು ನಿಂತದ್ದು ಅದೇ ಕಾಲೇಜಿನ ಆವರಣದಲ್ಲಿ. ಕ್ಷಮಾ ಊರಿಗೆ ಪರಿಚಯ ಆದದ್ದು ಆಗಲೇ.

2012ರಲ್ಲಿ ರಾಜ್ಯದ ಶಾಸನಸಭೆಗೆ ನಿಂತರು. ಎದುರಿಗೆ ಇದ್ದವರು ಸಭೆಯ ಸ್ಪೀಕರ್ ಫ್ರಾಂಕ್ ಚಾಪ್. ಸೋತರು. ಮರುವರ್ಷವೇ ಸಿಟಿ ಕೌನ್ಸಿಲ್‌ಗೆ ನಿಂತರು. ಆಗ ಎದುರಾಳಿ ರಿಚರ್ಡ್ ಕಾನ್ಲಿನ್, 16 ವರ್ಷದಿಂದ ಕೌನ್ಸಿಲ್‌ನಲ್ಲಿ ಕೂತವರು. ಮತದಾನದ ರಾತ್ರಿ ಎಣಿಕೆ ಶುರುವಾದಾಗ ಕ್ಷಮಾ ಹಿಂದೆ ಇದ್ದರು. ಇಲ್ಲಿ ಎಲ್ಲರೂ ಅಂಚೆಯಲ್ಲಿ ಅಥವಾ ಬೀದಿಯ ಡಬ್ಬಿಯಲ್ಲಿ ಮತಪತ್ರ ಹಾಕುತ್ತಾರೆ. ಕೊನೇ ದಿನ ಹಾಕಿದ್ದು ಎಣಿಸೋಕೆ ಎಷ್ಟೋ ದಿನ ಹಿಡಿಯುತ್ತದೆ. ಆ ತಡವಾಗಿ ಬಂದ ಮತಗಳು ಅವರ ಕಡೆ ವಾಲಿದವು. ಕೊನೆಗೆ ಸುಮಾರು 3,000 ಮತಗಳ ಅಂತರದಲ್ಲಿ ಗೆದ್ದರು. ಈ ಊರಿನ ಕೌನ್ಸಿಲ್‌ಗೆ ಸಮಾಜವಾದಿ ಅಂತ ಹೇಳಿಕೊಂಡು ಗೆಲ್ಲೋದು ಆಗ ಯಾರೂ ನಂಬದ ಮಾತಾಗಿತ್ತು. 2013ರಿಂದ 2021ರವರೆಗೆ ನಾಲ್ಕು ಸಲ ಜನರ ಮುಂದೆ ನಿಂತರು, ನಾಲ್ಕೂ ಸಲ ಉಳಿದರು. 2023ರ ಕೊನೆಗೆ ತಾವಾಗಿ ಬಿಟ್ಟರು.

ಇಷ್ಟು ಹಿನ್ನೆಲೆ. ಆದರೆ ಪುಣೆ, ಮುಂಬೈ, ತಮಿಳು, ಬೆಂಗಳೂರು ಇವುಗಳಿಂದ ಅವರು ಕೌನ್ಸಿಲ್‌ನಲ್ಲಿ ಏನು ಮಾಡಬಹುದು ಅಂತ ಯಾರಿಗಾದರೂ ಹೇಳೋಕೆ ಆಗುತ್ತಿತ್ತಾ? ನನಗಂತೂ ಆಗುತ್ತಿರಲಿಲ್ಲ. ಒಬ್ಬರ ಮೌಲ್ಯ ಏನು ಅಂತ ಗೊತ್ತಾಗೋದು ಅವರಿಗೇ ನಷ್ಟ ಆಗುವ ಕಡೆ ಏನು ಮಾಡಿದರು ಅನ್ನೋದರಲ್ಲಿ. ಅದನ್ನೇ ಇಲ್ಲಿ ಚರ್ಚೆ ಮಾಡೋಣ ಅಂತ ನನ್ನ ಆಸೆ.

ಬೆಲ್‌ವ್ಯೂ ವಾಸಿ

ಮೇಡಂ, ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಅವರ ರಾಜಕೀಯ ಒಪ್ಪಿಗೆ ಆಗಲಿಲ್ಲ. ಕಾರಣ ಹೇಳುತ್ತೇನೆ.

ನಾನು ಟೆಕ್ ಕಂಪನಿಯಲ್ಲಿ ಕೆಲಸ ಮಾಡುವವನು. 2018ರ ಮೇ ತಿಂಗಳಲ್ಲಿ ಕೌನ್ಸಿಲ್ ದೊಡ್ಡ ಕಂಪನಿಗಳ ಮೇಲೆ ಒಬ್ಬ ನೌಕರನಿಗೆ ವರ್ಷಕ್ಕೆ 275 ಡಾಲರ್ ತೆರಿಗೆ ಹಾಕಿತು. ಮನೆ ಇಲ್ಲದವರಿಗೆ ಮನೆ ಕಟ್ಟೋಕೆ ಅಂತ. ಒಂಬತ್ತಕ್ಕೆ ಒಂಬತ್ತೂ ವೋಟು ಬಿತ್ತು. ಒಂದು ತಿಂಗಳೂ ಆಗಲಿಲ್ಲ, ಅದೇ ಕೌನ್ಸಿಲ್ ಅದನ್ನು ಏಳು–ಎರಡರಲ್ಲಿ ರದ್ದು ಮಾಡಿತು. ರದ್ದು ಬೇಡ ಅಂದ ಇಬ್ಬರಲ್ಲಿ ಕ್ಷಮಾ ಒಬ್ಬರು. ಹಟ ಬಿಡಲಿಲ್ಲ ಅಂತ ನೀವು ಮೆಚ್ಚಬಹುದು. ನನಗೆ ಕಾಣೋದು ಬೇರೆ. ಒಂದು ಊರು ನಡೆಸೋಕೆ ಜೊತೆಯವರನ್ನು ಒಪ್ಪಿಸಬೇಕು. ಸಭೆಗೆ ಬೆಂಬಲಿಗರನ್ನು ತುಂಬಿಸಿ, ಪಕ್ಕದಲ್ಲಿ ಕೂತ ಸದಸ್ಯರ ಮೇಲೆ ಒತ್ತಡ ಹಾಕಿದರೆ ಅವರ ಜೊತೆ ಮತ್ತೆ ಕೆಲಸ ಮಾಡೋದು ಹೇಗೆ? ಬೀದಿ ದೀಪ, ಫುಟ್‌ಪಾತ್, ಬಸ್ಸು, ಇವು ಕೌನ್ಸಿಲರ್ ಕೆಲಸ ಅಲ್ವಾ? ಅವರು ಪ್ರತಿಯೊಂದನ್ನೂ ಚಳವಳಿ ಮಾಡಿದರು.

ಕೂಗಿ ಹೇಳೋದೇ ಮೌಲ್ಯ ಅಲ್ಲ ಅನ್ನೋದು ನನ್ನ ಮಾತು.

ಕ್ಯಾಪಿಟಲ್ ಹಿಲ್ ಕನ್ನಡತಿ

ಸರ್, ಜೊತೆಯವರನ್ನು ಕಟ್ಟಿಕೊಂಡು ಹೋಗೋದು ಅವರಿಗೆ ಕಷ್ಟವಾಗಿತ್ತು ಅನ್ನೋದು ನಿಜ. ಅದು ಅವರ ದೊಡ್ಡ ಕೊರತೆ ಅಂತ ನನಗೂ ಅನ್ನಿಸುತ್ತದೆ. ಆದರೆ ಎರಡು ವಿಷಯ ನೋಡಿ.

ಮೊದಲನೆಯದು ಸಂಬಳ. 2013ರ ಪ್ರಚಾರದಲ್ಲಿ ಅವರು ಒಂದು ಮಾತು ಕೊಟ್ಟರು: ಗೆದ್ದರೆ ಸಾಮಾನ್ಯ ಕೆಲಸಗಾರನ ಸಂಬಳದಷ್ಟೇ ಮನೆಗೆ ಒಯ್ಯುತ್ತೇನೆ. ಸಿಯಾಟಲ್ ಕೌನ್ಸಿಲರ್ ಸಂಬಳ ಆಗ ಸುಮಾರು 1,20,000 ಡಾಲರ್. ಅವರು ತೆರಿಗೆ ಕಳೆದು 40,000 ಇಟ್ಟುಕೊಂಡು ಉಳಿದದ್ದನ್ನು ಒಂದು ನಿಧಿಗೆ ಹಾಕಿದರು. ಮುಷ್ಕರ ನಿಧಿ, ಬಾಡಿಗೆದಾರರ ಹೋರಾಟ ಇಂಥ ಕಡೆ ಆ ಹಣ ಹೋಯಿತು. ಆ ಹಣ ಹೋದದ್ದು ಅವರು ನಂಬಿದ ಹೋರಾಟಗಳಿಗೇ ಅಲ್ವಾ ಅಂತ ನೀವು ಕೇಳಬಹುದು, ಆ ಪ್ರಶ್ನೆ ಸರಿಯಾದದ್ದೇ. ಆದರೂ ಮತ ಕೇಳುವಾಗ ಕೊಟ್ಟ ಮಾತನ್ನು ತಮ್ಮ ಜೇಬಿನಿಂದ ಉಳಿಸಿಕೊಂಡವರು ಎಷ್ಟು ಜನ ಸಿಗುತ್ತಾರೆ? ಸಿಯಾಟಲ್ ಬಿಡಿ, ನಮ್ಮ ಊರುಗಳಲ್ಲಿ ಹುಡುಕಿ ನೋಡಿ.

ಎರಡನೆಯದು ಗಂಟೆಗೆ 15 ಡಾಲರ್ ಕೂಲಿ. 2013ರಲ್ಲಿ ಅವರ ಪ್ರಚಾರದ ಕೆಂಪು ಪೋಸ್ಟರ್‌ನಲ್ಲಿ ಇದ್ದದ್ದು ಅದೇ. ಆಗ ಬಹಳ ಜನ ಅದನ್ನು ಸುಮ್ನೆ ಘೋಷಣೆ ಅಂದುಕೊಂಡಿದ್ದರು. 2014ರ ಜೂನ್‌ನಲ್ಲಿ ಕೌನ್ಸಿಲ್ ಒಮ್ಮತದಿಂದ ಪಾಸು ಮಾಡಿತು, ಮೇಯರ್ ಎಡ್ ಮರ್ರೆ ಸಹಿ ಹಾಕಿದರು. ಈ ಕೀರ್ತಿ ಅವರೊಬ್ಬರದ್ದೇ ಅಲ್ಲ. ಮೇಯರ್ ಕರೆದ ಸಮಿತಿಯಲ್ಲಿ ಕಾರ್ಮಿಕ ಸಂಘಗಳೂ ಇದ್ದವು, ಹೋಟೆಲ್ ಮಾಲೀಕರೂ ಇದ್ದರು. ಕಾನೂನು ಹಂತ ಹಂತವಾಗಿ ಬರೋದು ಕ್ಷಮಾಗೆ ಇಷ್ಟ ಇರಲಿಲ್ಲ. ಟಿಪ್ಸ್ ಹಣವನ್ನು ಕೂಲಿಯಲ್ಲಿ ಹಿಡಿಯೋದು ಬೇಡ ಅಂತ ತಿದ್ದುಪಡಿ ತಂದರು, ಅದು ಬಿದ್ದುಹೋಯಿತು. ಆದರೂ ಕೊನೆಗೆ ಪರವಾಗಿ ವೋಟು ಹಾಕಿದರು. ಹಟದಿಂದ ಪೂರ್ತಿ ಬೇಕು ಅಂತ ಬೀಳಿಸಲಿಲ್ಲ. ‘ಒಪ್ಪಿಕೊಂಡು ಹೋಗೋದೇ ಗೊತ್ತಿಲ್ಲ’ ಅನ್ನುವವರು ಈ ವೋಟನ್ನೂ ನೆನಪಿಟ್ಟುಕೊಳ್ಳಬೇಕು.

ಹಾಸನದವನು, ಹೋಟೆಲ್ ಮನೆತನ

ಅಕ್ಕಾ, ಕೂಲಿ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಸಣ್ಣ ಅಡುಗೆಮನೆ. ದೋಸೆ, ಇಡ್ಲಿ, ಬಿಸಿಬೇಳೆಬಾತ್. ಕೆಲಸದವರು ಬೆರಳೆಣಿಕೆಯಷ್ಟು.

15 ಡಾಲರ್ ಕಾನೂನು 2015ರ ಏಪ್ರಿಲ್‌ನಿಂದ ಶುರುವಾಯಿತು. ನಮ್ಮಂಥ, 500 ಅಥವಾ ಅದಕ್ಕಿಂತ ಕಡಿಮೆ ಕೆಲಸದವರು ಇರುವ ಕಡೆ ನಿಧಾನವಾಗಿ ಏರಿಸೋಕೆ ಅವಕಾಶ ಇತ್ತು. ಟಿಪ್ಸ್, ಆರೋಗ್ಯ ವಿಮೆ ಲೆಕ್ಕ ಹಿಡಿದು ಸ್ವಲ್ಪ ಕಡಿಮೆ ಕೊಡಬಹುದಿತ್ತು. ಆ ರಿಯಾಯಿತಿ 2025ರ ಜನವರಿ 1ಕ್ಕೆ ಮುಗಿಯಿತು. ಅಂದಿನಿಂದ ಸಣ್ಣ ಹೋಟೆಲ್ ಆಗಲಿ ದೊಡ್ಡ ಕಂಪನಿ ಆಗಲಿ ಎಲ್ಲರಿಗೂ ಒಂದೇ ದರ. 2025ರಲ್ಲಿ ಅದು ಗಂಟೆಗೆ 20.76 ಡಾಲರ್ ಇತ್ತು.

ದೋಸೆ ಹುಯ್ಯುವವನ ಕೈಗೆ ಒಳ್ಳೆ ಸಂಬಳ ಬರಬೇಕು. ನಮ್ಮಪ್ಪ ಊರಲ್ಲಿ ಬೇರೆಯವರ ಹೋಟೆಲಿನಲ್ಲಿ ಲೋಟ ತೊಳೆದೇ ಮೇಲೆ ಬಂದವರು. ಹಾಗಾಗಿ ಕೂಲಿ ಜಾಸ್ತಿ ಆಗಬಾರದು ಅಂತ ನನ್ನ ಬಾಯಲ್ಲಿ ಬರೋದಿಲ್ಲ. ಆದರೆ ಅಂಗಡಿ ಬಾಡಿಗೆ ಏರಿತು, ಎಣ್ಣೆ, ಉದ್ದಿನಬೇಳೆ ಏರಿತು, ಮೇಲೆ ಕೂಲಿ ಏರಿತು. ಒಂದು ಮಸಾಲೆ ದೋಸೆಗೆ ನಾನು ಎಷ್ಟು ಅಂತ ಹಾಕಲಿ? ನಮ್ಮವರೇ ಬಂದು ‘ಅಯ್ಯೋ ಇಷ್ಟೊಂದಾ’ ಅನ್ನುತ್ತಾರೆ. ದೊಡ್ಡ ಕಂಪನಿ ವಿರುದ್ಧ ಮಾತಾಡುವ ಅಭ್ಯರ್ಥಿ ನನ್ನಂಥವನ ಬಗ್ಗೆ ಏನು ಯೋಚಿಸಿದ್ದಾರೆ ಅಂತ ಕೇಳಬೇಕು. ಅಂಗಡಿ ಬಾಡಿಗೆಗೆ ಒಂದು ಮಿತಿ ಹಾಕೋಣ ಅಂತ ಕ್ಷಮಾ ಹೇಳುತ್ತಿದ್ದರು, ಅದು ನನಗೆ ಹಿಡಿಸಿತ್ತು. ಆಗಲಿಲ್ಲ.

ಕ್ಯಾಪಿಟಲ್ ಹಿಲ್ ಕನ್ನಡತಿ

ತಮ್ಮಾ, ಇಂಥ ಮಾತು ಇಲ್ಲಿ ಬರಲಿ ಅಂತಲೇ ಕಾಯುತ್ತಿದ್ದೆ. ವಾಷಿಂಗ್ಟನ್ ರಾಜ್ಯದ ಕಾನೂನು ಊರುಗಳಿಗೆ ಮನೆ ಬಾಡಿಗೆಗೂ ಮಿತಿ ಹಾಕೋಕೆ ಬಿಡುತ್ತಿರಲಿಲ್ಲ. ಕೌನ್ಸಿಲ್‌ಗೆ ಇದ್ದ ಅಧಿಕಾರವೇ ಅಷ್ಟು. ಆದರೂ ಮನೆ ಬಾಡಿಗೆಯಲ್ಲಿ ಆದದ್ದು ಒಂದಿದೆ. ಮನೆಗೆ ಸೇರುವಾಗ ಮಾಲೀಕರು ಕೇಳುವ ಅಡ್ವಾನ್ಸ್ ಮತ್ತು ಫೀಸು ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಇರಬಾರದು, ಅದನ್ನೂ ಕಂತಿನಲ್ಲಿ ಕಟ್ಟಬಹುದು ಅಂತ 2016ರ ಡಿಸೆಂಬರ್‌ನಲ್ಲಿ ಕಾನೂನು ಆಯಿತು. ಮುಂದೆ ನಿಂತು ತಂದವರು ಕ್ಷಮಾ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಿ ಒದ್ದಾಡಿದವರಿಗೆ ಇದರ ಬೆಲೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ತುಮಕೂರು ಕಡೆಯವ

ಇಲ್ಲಿ ಯಾರೂ ಇನ್ನೂ ಮುಟ್ಟದ ವಿಷಯ ನಾನು ಎತ್ತುತ್ತೇನೆ. ಜಾತಿ.

2023ರ ಫೆಬ್ರುವರಿ 21ರಂದು ಸಿಯಾಟಲ್ ಕೌನ್ಸಿಲ್ ಜಾತಿ ಆಧಾರದ ತಾರತಮ್ಯವನ್ನು ನಿಷೇಧಿಸಿತು. ಆರು ಪರ, ಒಂದು ವಿರೋಧ. ಅಮೆರಿಕದಲ್ಲಿ ಹೀಗೆ ಮಾಡಿದ ಮೊದಲ ಊರು ಇದು. ಮಸೂದೆ ತಂದವರು ಕ್ಷಮಾ. ಕೆಲಸ, ಮನೆ ಬಾಡಿಗೆ, ಹೋಟೆಲು, ಅಂಗಡಿ ಇಂಥ ಕಡೆ ಜನಾಂಗ, ಧರ್ಮದ ಪಟ್ಟಿಗೆ ಜಾತಿಯೂ ಸೇರಿತು.

ನಾನು ದಲಿತ. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಕಂಪನಿಯಲ್ಲಿ ನಮ್ಮ ದೇಶದವರೇ ಜಾಸ್ತಿ ಇದ್ದ ಟೀಮಿನಲ್ಲಿ ಇದ್ದೆ. ಊಟದ ಹೊತ್ತಿನಲ್ಲಿ ಒಬ್ಬರು ಕೇಳಿದರು: ಪೂರ್ತಿ ಹೆಸರೇನು, ಮನೆಯಲ್ಲಿ ಮಾಂಸ ಮಾಡ್ತೀರಾ, ಯಾವ ಮಠಕ್ಕೆ ನಡ್ಕೊಳ್ತೀರಿ. ಮೂರೂ ಪ್ರಶ್ನೆ ನಗುತ್ತಲೇ ಕೇಳಿದ್ದು. ಮೂರರ ಅರ್ಥ ಒಂದೇ ಅಂತ ನಮ್ಮ ಊರಿನವರಿಗೆಲ್ಲ ಗೊತ್ತು. ಉತ್ತರ ಕೊಟ್ಟ ಮೇಲೆ ಕಾಫಿಗೆ ಕರೆಯೋದು ನಿಂತಿತು. ಅದನ್ನು ಎಚ್‌ಆರ್‌ಗೆ ಹೇಳಬೇಕು ಅಂದರೆ ಯಾವ ಹೆಸರಿನಲ್ಲಿ ಹೇಳಲಿ? ಜನಾಂಗ ಒಂದೇ, ದೇಶ ಒಂದೇ, ಧರ್ಮದ ಪ್ರಶ್ನೆಯೂ ಅಲ್ಲ. ಫಾರಂನಲ್ಲಿ ಅದಕ್ಕೊಂದು ಜಾಗವೇ ಇರಲಿಲ್ಲ.

ಮತದಾನದ ದಿನ ನಾನು ಸಿಟಿ ಹಾಲ್‌ಗೆ ಹೋಗಿದ್ದೆ. ಮಾತಾಡೋಕೆ ಹೆಸರು ಕೊಟ್ಟವರು ನೂರಕ್ಕೂ ಹೆಚ್ಚು. ನನ್ನ ಮುಂದೆ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸು ಕಾಗದದಲ್ಲಿ ಬರೆದುಕೊಂಡು ಬಂದಿದ್ದರು, ಕೈ ನಡುಗುತ್ತಿತ್ತು. ಫಲಿತಾಂಶ ಹೇಳಿದಾಗ ‘ಜೈ ಭೀಮ್’ ಕೂಗು ಎದ್ದಿತು. ಅಮೆರಿಕದ ಒಂದು ಊರಿನ ಸಭಾಂಗಣದಲ್ಲಿ ಅಂಬೇಡ್ಕರ್ ಹೆಸರು ಕೇಳೋದು ಏನು ಅಂತ ನನ್ನ ಮಗಳಿಗೆ ಈಗಲೂ ಹೇಳುತ್ತಿರುತ್ತೇನೆ.

ಕ್ಷಮಾ ಹುಟ್ಟಿದ್ದು ಬ್ರಾಹ್ಮಣ ಮನೆಯಲ್ಲಿ. ತಾವು ಬೆಳೆದ ಮನೆಯಲ್ಲಿ ಕಂಡ ಜಾತಿಯ ನಡವಳಿಕೆ ಬಗ್ಗೆ ಅವರು ಮುಚ್ಚಿಡದೆ ಮಾತಾಡಿದ್ದಾರೆ. ‘ನಮ್ಮವರಾ’ ಅಂತ ಕೇಳುವವರಿಗೆ ನಾನು ಹೇಳೋದು ಇಷ್ಟೇ: ಜಾತಿಯಿಂದ ಅವರು ನಮ್ಮವರಲ್ಲ. ಆದರೂ ನಮ್ಮ ಮಾತು ಆ ಸಭೆಗೆ ತಂದವರು ಅವರು.

ಮೈಸೂರು ಮೂಲ

ತುಮಕೂರಿನ ಸಹೋದರರ ಅನುಭವ ಓದಿ ಬೇಜಾರಾಯಿತು. ಹಾಗೆ ಕೇಳೋದು ತಪ್ಪು, ಎರಡು ಮಾತಿಲ್ಲ.

ಆದರೆ ಕಾನೂನಿನ ಬಗ್ಗೆ ನನಗೆ ಅಳುಕು ಇದೆ, ಅದನ್ನು ಹೇಳದೆ ಇದ್ದರೆ ಚರ್ಚೆ ಪೂರ್ತಿ ಆಗೋದಿಲ್ಲ. ವಿರೋಧಿಸಿ ವೋಟು ಹಾಕಿದ ಕೌನ್ಸಿಲರ್ ಸಾರಾ ನೆಲ್ಸನ್. ಹಿಂದೂ ಅಮೆರಿಕನ್ ಫೌಂಡೇಶನ್ ಕೂಡ ವಿರೋಧಿಸಿತು. ಅವರ ವಾದ ಇದು: ಜಾತಿ ಅಂತ ಕಾನೂನಿನಲ್ಲಿ ಹೆಸರಿಸಿದ ಕೂಡಲೇ ದಕ್ಷಿಣ ಏಷ್ಯಾದವರನ್ನೇ, ಅದರಲ್ಲೂ ಹಿಂದೂಗಳನ್ನೇ ಬೇರೆ ಕಣ್ಣಿನಿಂದ ನೋಡುವಂತೆ ಆಗುತ್ತದೆ. ನನ್ನ ಮಗ ಇಲ್ಲೇ ಹುಟ್ಟಿದವನು. ಅವನಿಗೆ ತನ್ನ ಜಾತಿ ಯಾವುದು ಅಂತಲೇ ಗೊತ್ತಿಲ್ಲ. ನಾಳೆ ಆಫೀಸಿನಲ್ಲಿ ಬೇರೆಯವರು ಅವನನ್ನು ಮೊದಲೇ ತಪ್ಪಿತಸ್ಥ ಅಂತ ಕಂಡರೆ? 2023ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಇಂಥದ್ದೇ ಮಸೂದೆಯನ್ನು ತಡೆದರು. ಈಗಿರುವ ಕಾನೂನಿನಲ್ಲೇ ಇದಕ್ಕೆ ರಕ್ಷಣೆ ಇದೆ ಅಂತ ಅವರ ವಾದ.

ಇದನ್ನು ಹೇಳಿದ ಮಾತ್ರಕ್ಕೆ ಜಾತಿವಾದಿ ಅಂತ ನನ್ನನ್ನು ಕರೆಯಬೇಡಿ. ಇದೂ ಒಬ್ಬ ತಾಯಿಯ ಆತಂಕ.

ತುಮಕೂರು ಕಡೆಯವ

ಅಮ್ಮಾ, ನಿಮ್ಮನ್ನು ಹಾಗೆ ಕರೆಯೋದಿಲ್ಲ. ನಿಮ್ಮ ಮಗನಿಗೆ ಜಾತಿ ಗೊತ್ತಿಲ್ಲ ಅಂದಿರಿ, ಸಂತೋಷ. ನನ್ನ ಮಗಳಿಗೂ ಗೊತ್ತಿಲ್ಲದೆ ಬೆಳೆಯಲಿ ಅಂತ ಆಸೆ ಇತ್ತು. ಅವಳಿಗೆ ಗೊತ್ತುಮಾಡಿಸಿದ್ದು ಕಾನೂನಲ್ಲ, ಒಂದು ಹುಟ್ಟುಹಬ್ಬದ ಮನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ. ಯಾರು ಯಾರಿಗೆ ತಾರತಮ್ಯ ಮಾಡಿದರೂ ಈ ಕಾನೂನು ಅನ್ವಯಿಸುತ್ತದೆ, ಒಂದು ಧರ್ಮದ ಹೆಸರು ಅದರಲ್ಲಿ ಬರೆದಿಲ್ಲ. ಮತ್ತೆ, ಇದು ಸಿಯಾಟಲ್ ಊರಿನ ಒಳಗೆ ಮಾತ್ರ. ಬೆಲ್‌ವ್ಯೂ, ರೆಡ್ಮಂಡ್‌ನಲ್ಲಿ ಇರುವ ನಮ್ಮ ಅರ್ಧ ಜನಕ್ಕೆ ಇದು ಮುಟ್ಟೋದೇ ಇಲ್ಲ.

ಬೆಲ್‌ವ್ಯೂ ವಾಸಿ

ಈ ಚರ್ಚೆ ಓದಿ ಬಹಳ ಯೋಚಿಸಿದೆ. ಜಾತಿ ಕಾನೂನು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಆದರೆ ಒಬ್ಬರ ಮೌಲ್ಯ ನೋಡುವಾಗ ನಿಯಮ ಪಾಲಿಸಿದರಾ ಅಂತಲೂ ನೋಡಬೇಕು. ಅದನ್ನು ಯಾರೂ ಬರೆದಿಲ್ಲ.

2020ರಲ್ಲಿ ಅಮೆಜಾನ್ ಮೇಲೆ ತೆರಿಗೆ ಹಾಕೋದನ್ನು ಜನರ ನೇರ ಮತಕ್ಕೆ ಇಡುವ ಅರ್ಜಿಗೆ ಕ್ಷಮಾ ತಮ್ಮ ಕೌನ್ಸಿಲ್ ಕಚೇರಿಯ ಹಣ ಬಳಸಿದರು. ಊರಿನ ಎಥಿಕ್ಸ್ ಮತ್ತು ಚುನಾವಣಾ ಆಯೋಗ ಅದನ್ನು ಹಿಡಿಯಿತು. 2021ರಲ್ಲಿ ಅವರು ಒಪ್ಪಿಕೊಂಡು 3,500 ಡಾಲರಿಗೆ ತುಸು ಜಾಸ್ತಿ ದಂಡ ಕಟ್ಟಿದರು. 2020ರ ಜೂನ್‌ನಲ್ಲಿ ಸಿಟಿ ಹಾಲ್ ಮುಚ್ಚಿದ್ದ ಹೊತ್ತಿನಲ್ಲಿ ರಾತ್ರಿ ಪ್ರತಿಭಟನಾಕಾರರನ್ನು ಒಳಗೆ ಬಿಟ್ಟರು. ಮೇಯರ್ ಜೆನ್ನಿ ಡರ್ಕನ್ ಅವರ ಮನೆ ವಿಳಾಸವನ್ನು ಭದ್ರತೆಗಾಗಿ ಗುಟ್ಟಾಗಿ ಇಟ್ಟಿದ್ದರು, ಆ ಮನೆ ಮುಂದೆ ನಡೆದ ಮೆರವಣಿಗೆಯಲ್ಲಿ ಕ್ಷಮಾ ಮಾತಾಡಿದರು. ಈ ಮೂರು ಆರೋಪದ ಮೇಲೆ ಅವರನ್ನು ವಾಪಸ್ ಕರೆಸುವ, ಅಂದರೆ ಅವಧಿ ಮುಗಿಯುವ ಮೊದಲೇ ಕೆಳಗಿಳಿಸುವ ಮತದಾನಕ್ಕೆ ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಿತು. 2021ರ ಡಿಸೆಂಬರ್ 7ಕ್ಕೆ ಮತದಾನ. ಉಳಿದುಕೊಂಡದ್ದು 310 ಮತಗಳಲ್ಲಿ.

40,000ಕ್ಕೂ ಹೆಚ್ಚು ಜನ ವೋಟು ಹಾಕಿದ ಕಡೆ 310. ಅಂದರೆ ಅವರ ಸ್ವಂತ ಡಿಸ್ಟ್ರಿಕ್ಟ್‌ನಲ್ಲೇ ಹತ್ತಿರ ಹತ್ತಿರ ಅರ್ಧ ಜನಕ್ಕೆ ಅವರು ಬೇಡವಾಗಿದ್ದರು. ಊರಿನ ದುಡ್ಡು ಒಂದು ಡಾಲರ್ ಆದರೂ ಊರಿನದ್ದೇ. ಉದ್ದೇಶ ಒಳ್ಳೆಯದು ಅಂತ ಅದನ್ನು ಬಿಡೋಕೆ ಬರೋದಿಲ್ಲ.

ಕ್ಯಾಪಿಟಲ್ ಹಿಲ್ ಕನ್ನಡತಿ

ಸರ್, ಕಚೇರಿ ಹಣದ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ನನಗೆ ಅವರ ಮೇಲೆ ಸಿಟ್ಟು ಬಂದದ್ದು ಅದಕ್ಕೇ. ಜೇಬಿನ ಹಣದಲ್ಲಿ ಅಷ್ಟು ಶಿಸ್ತು ಇಟ್ಟುಕೊಂಡವರು ಊರಿನ ಹಣದಲ್ಲಿ ಸಡಿಲ ಬಿಟ್ಟದ್ದು ಯಾಕೆ ಅಂತ ನನಗೆ ಈಗಲೂ ಅರ್ಥವಾಗಿಲ್ಲ. ಮೆರವಣಿಗೆ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅದನ್ನು ತಾವು ಏರ್ಪಡಿಸಿದ್ದಲ್ಲ, ಕರೆದಾಗ ಹೋಗಿ ಮಾತಾಡಿದ್ದು ಅಂತ ಅವರು ಹೇಳಿದ್ದಾರೆ. ಮತದಾರರ ಮುಂದೆ ಎರಡೂ ಕಡೆಯ ಮಾತು ಇತ್ತು.

ಹಣದ ಮಾತು ಬಂದದ್ದರಿಂದ 2019 ಕೂಡ ನೆನಪು ಮಾಡಿಕೊಳ್ಳೋಣ. ಆ ವರ್ಷ ಕೌನ್ಸಿಲ್ ಚುನಾವಣೆಗೆ ಅಮೆಜಾನ್ ಸುಮಾರು 15 ಲಕ್ಷ ಡಾಲರ್ ಹಾಕಿತು. ಅದು ಊರಿನ ವಾಣಿಜ್ಯ ಸಂಸ್ಥೆಯ ರಾಜಕೀಯ ಸಮಿತಿಯ ಮೂಲಕ. ನಮ್ಮ ಮನೆ ಅಂಚೆಪೆಟ್ಟಿಗೆಯಲ್ಲಿ ದಿನಾ ದಪ್ಪ ಕಾಗದದ ಬಣ್ಣದ ಕರಪತ್ರ. ಕ್ಷಮಾ ಎದುರು ನಿಂತವರು ಈಗನ್ ಓರಿಯನ್. ಮೊದಲ ರಾತ್ರಿ ಓರಿಯನ್ ಸುಮಾರು ಶೇಕಡಾ ಎಂಟು ಪಾಯಿಂಟ್ ಮುಂದೆ. ಎಲ್ಲರೂ ಕ್ಷಮಾ ಕಥೆ ಮುಗೀತು ಅಂದರು. ಮುಂದಿನ ಕೆಲವು ದಿನ ಸಂಜೆ ಸಂಜೆ ಎಣಿಕೆ ಬಂದ ಹಾಗೆ ಅಂತರ ಕರಗಿತು, ಕೊನೆಗೆ ಅವರೇ ಗೆದ್ದರು. ಅಷ್ಟು ದುಡ್ಡು ಸುರಿದದ್ದೇ ಬಹಳ ಜನರನ್ನು ಅವರ ಕಡೆ ತಿರುಗಿಸಿತು ಅಂತ ನನ್ನ ಅಂದಾಜು. ಕೊನೆಗೆ ದೊಡ್ಡ ಕಂಪನಿಗಳ ಮೇಲೆ ಸಂಬಳದ ಲೆಕ್ಕದ ತೆರಿಗೆ ಬಂದದ್ದು 2020ರ ಜುಲೈನಲ್ಲಿ. ಅದನ್ನು ಬರೆದು ಪಾಸು ಮಾಡಿಸಿದ್ದು ಇನ್ನೊಬ್ಬ ಕೌನ್ಸಿಲರ್ ತೆರೇಸಾ ಮೊಸ್ಕೆಡಾ. ಬೀದಿಯಲ್ಲಿ ಒತ್ತಡ ಕಟ್ಟಿದ್ದು ಕ್ಷಮಾ, ಸಭೆಯಲ್ಲಿ ವೋಟು ಕೂಡಿಸಿದ್ದು ಮೊಸ್ಕೆಡಾ. ಒಂದು ಊರಿಗೆ ಎರಡೂ ಥರದವರು ಬೇಕು ಅಂತ ನನಗೆ ಅನ್ನಿಸಿದ್ದು ಆಗ.

ಬಸವನಗುಡಿ ಓದುಗ

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಕ್ಷಮಾ ಅವರ ಹೆಸರು ಇಲ್ಲಿ ಬಹಳ ಜನ ಕೇಳಿದ್ದು 2025ರ ವೀಸಾ ಸುದ್ದಿಯಲ್ಲಿ. ವಯಸ್ಸಾದ ತಾಯಿ ಇಲ್ಲಿ ಹುಷಾರಿಲ್ಲದೆ ಇದ್ದರು. ನೋಡೋಕೆ ಬರಬೇಕು ಅಂದರೆ ಭಾರತದ ವೀಸಾ ಸಿಗಲಿಲ್ಲ. ಅವರು ಸಿಯಾಟಲ್‌ನ ಭಾರತೀಯ ಕಾನ್ಸುಲೇಟ್‌ನಲ್ಲೇ ಧರಣಿ ಕೂತರು. 2020ರ ಫೆಬ್ರುವರಿಯಲ್ಲಿ ಸಿಯಾಟಲ್ ಕೌನ್ಸಿಲ್ ಸಿಎಎ ವಿರುದ್ಧ ನಿರ್ಣಯ ಮಾಡಿತ್ತು, ತಂದವರು ಕ್ಷಮಾ. ವೀಸಾ ನಿರಾಕರಣೆಗೆ ಅದೇ ಕಾರಣ ಅಂತ ಅವರು ಹೇಳುತ್ತಾರೆ. ಆ ನಿರ್ಣಯ ಸರಿಯೋ ತಪ್ಪೋ, ನನಗೆ ಅದರಲ್ಲಿ ಒಪ್ಪದ ಅಂಶಗಳಿವೆ. ಆದರೆ ತಾಯಿಯ ಮುಖ ನೋಡೋಕೆ ಬಿಡದೆ ಇರೋದು ಸರಿ ಅಲ್ಲ.

ನೀವು ಮೇಲೆ ಬರೆದ ಒಂದು ಮಾತು ನನಗೆ ನಾಟಿತು, ಅವರಿಗೇ ನಷ್ಟ ಆಗುವ ಕಡೆ ಏನು ಮಾಡಿದರು ಅನ್ನೋದು. ನಮ್ಮ ಊರಿನಲ್ಲಿ ಪಾಲಿಕೆ ಚುನಾವಣೆ ನಡೆದದ್ದು 2015ರಲ್ಲಿ, 198 ವಾರ್ಡಿಗೆ. ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆಯಿತು. ವಾರ್ಡಿನಲ್ಲಿ ಟಿಕೆಟ್ ಆಕಾಂಕ್ಷಿಗಳ ಫ್ಲೆಕ್ಸ್ ನೋಡಿದರೆ ಹುಟ್ಟುಹಬ್ಬದ ಶುಭಾಶಯ, ನಾಯಕರ ಫೋಟೊ, ಜಾತಿ ಸಂಘದ ಹೆಸರು. ಈ ಮನುಷ್ಯ ರಾಜಕಾಲುವೆ ಒತ್ತುವರಿ ಬಗ್ಗೆ ಏನು ಹೇಳುತ್ತಾನೆ, ಕಸದ ಗುತ್ತಿಗೆ ಯಾರದ್ದು ಅಂತ ಕೇಳಿದರೆ ಉತ್ತರ ಇಲ್ಲ. ಅಫಿಡವಿಟ್‌ನಲ್ಲಿ ಆಸ್ತಿ, ಸಾಲ, ಕ್ರಿಮಿನಲ್ ಕೇಸು ಇರುತ್ತದೆ, ಓದುವವರು ಕಡಿಮೆ. ನಿಮ್ಮಲ್ಲಿ ಸಾಮಾನ್ಯ ಮತದಾರ ಇದನ್ನೆಲ್ಲ ಎಲ್ಲಿ ನೋಡುತ್ತಾನೆ?

ಹೊಸ ಮತದಾರ, ಬೀಕನ್ ಹಿಲ್

ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ನನಗೆ ಸಿಟಿಜನ್‌ಶಿಪ್ ಈಗಷ್ಟೇ ಸಿಕ್ಕಿದೆ. ಅತ್ತಿಗೆ ಗ್ರೀನ್ ಕಾರ್ಡ್ ಮೇಲೆ ಇದ್ದಾರೆ. ಕೌನ್ಸಿಲ್ ಮತಪತ್ರದಲ್ಲಿ ಪಕ್ಷದ ಹೆಸರೂ ಇರೋದಿಲ್ಲವಂತೆ. ಮತ್ತೆ ಯಾರನ್ನು ಹೇಗೆ ಗೊತ್ತು ಹಿಡಿಯೋದು?

ಕ್ಯಾಪಿಟಲ್ ಹಿಲ್ ಕನ್ನಡತಿ

ಇಬ್ಬರಿಗೂ ಸೇರಿಸಿ ಹೇಳುತ್ತೇನೆ.

ಹೌದು, ಪಕ್ಷದ ಹೆಸರು ಇರೋದಿಲ್ಲ. ಒಂಬತ್ತು ಜನರ ಕೌನ್ಸಿಲ್, 2015ರಿಂದ ಏಳು ಜನ ಡಿಸ್ಟ್ರಿಕ್ಟ್‌ನಿಂದ, ಇಬ್ಬರು ಇಡೀ ಊರಿನಿಂದ. ಆಗಸ್ಟ್‌ನ ಮೊದಲ ಸುತ್ತಿನಲ್ಲಿ ಜಾಸ್ತಿ ಮತ ಪಡೆದ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಮತಪತ್ರದ ಜೊತೆಗೆ ಮತದಾರರ ಕೈಪಿಡಿ ಅಂತ ಒಂದು ಪುಸ್ತಕ ಮನೆಗೆ ಬರುತ್ತದೆ. ಅದರಲ್ಲಿ ಇರೋದು ಅಭ್ಯರ್ಥಿ ತಾವೇ ಬರೆದ ಮಾತು, ಅದನ್ನು ಓದಿ ಬದಿಗಿಡಿ. ನಿಜವಾದ ಸರಕು ಇರೋದು ಚುನಾವಣೆ ಹಣದ ಲೆಕ್ಕ ಬಹಿರಂಗ ಮಾಡುವ ರಾಜ್ಯದ ಪಬ್ಲಿಕ್ ಡಿಸ್‌ಕ್ಲೋಷರ್ ಕಮಿಷನ್ ಹತ್ತಿರ. ಅಭ್ಯರ್ಥಿಯ ಆದಾಯ, ಆಸ್ತಿ, ಸಾಲದ ವಿವರ ಎಫ್-1 ಅನ್ನೋ ಫಾರಂನಲ್ಲಿ ಇರುತ್ತದೆ. ಯಾರು ಎಷ್ಟು ದೇಣಿಗೆ ಕೊಟ್ಟರು, ದೊಡ್ಡ ದೇಣಿಗೆ ಕೊಟ್ಟವರು ಎಲ್ಲಿ ಕೆಲಸ ಮಾಡುತ್ತಾರೆ ಅನ್ನೋದು ಅದರ ಜಾಲತಾಣದಲ್ಲೇ ಇದೆ. ಒಂದು ಸಂಜೆ ಕೂತು ದೇಣಿಗೆ ಪಟ್ಟಿ ನೋಡಿ. ಮನೆ ಕಟ್ಟುವ ಬಿಲ್ಡರ್‌ಗಳು ಎಷ್ಟು, ಶಾಲೆ ಟೀಚರುಗಳು ಎಷ್ಟು, ನಮ್ಮ ಊರಿನ ಹೊರಗಿನವರು ಎಷ್ಟು ಅಂತ ನೋಡಿದರೆ ಸಾಕು, ಭಾಷಣಕ್ಕಿಂತ ಜಾಸ್ತಿ ತಿಳಿಯುತ್ತದೆ. ಈಗಾಗಲೇ ಕೌನ್ಸಿಲ್‌ನಲ್ಲಿ ಇರುವವರಾದರೆ ಸಿಯಾಟಲ್ ಚಾನೆಲ್‌ನಲ್ಲಿ ಹಳೆ ಸಭೆಗಳ ವಿಡಿಯೊ ಇವೆ. ಯಾವುದಕ್ಕೆ ಏನು ವೋಟು ಹಾಕಿದರು, ಸಾಮಾನ್ಯ ಜನ ಮಾತಾಡುವಾಗ ತಲೆ ಎತ್ತಿ ಕೇಳುತ್ತಿದ್ದರಾ ಇಲ್ಲಾ ಫೋನ್ ನೋಡುತ್ತಿದ್ದರಾ, ಎಲ್ಲ ಕಾಣುತ್ತದೆ.

ಬಸವನಗುಡಿಯವರೇ, ನಿಮ್ಮಲ್ಲೂ ಅಫಿಡವಿಟ್ ಇದೆ ಅಂದಿರಿ. ಅದನ್ನು ನಾಲ್ಕು ಜನ ಸೇರಿ ಓದಿ, ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ ಕೈಯಲ್ಲಿ ಹಿಡಿದು ಪ್ರಶ್ನೆ ಕೇಳಿ. ಹೋದ ಸಲ ಗೆದ್ದವರೇ ಬಂದರೆ ಆಗಿನ ಆಸ್ತಿ ಎಷ್ಟಿತ್ತು, ಈಗ ಎಷ್ಟಾಗಿದೆ ಅಂತ ಎರಡನ್ನೂ ಪಕ್ಕದಲ್ಲಿ ಇಡಿ.

ಇನ್ನು ಅತ್ತಿಗೆ ವಿಷಯ. ಅವರಿಗೆ ವೋಟು ಇಲ್ಲ, ಆದರೆ ಡೆಮಾಕ್ರಸಿ ವೋಚರ್ ಇದೆ. 2015ರಲ್ಲಿ ಸಿಯಾಟಲ್ ಜನ ಮತ ಹಾಕಿ ತಂದ ಪದ್ಧತಿ, 2017ರಿಂದ ಚಾಲ್ತಿಯಲ್ಲಿದೆ. ಊರಿನ ಚುನಾವಣೆ ಇರುವ ವರ್ಷ ಒಬ್ಬೊಬ್ಬರಿಗೆ 25 ಡಾಲರಿನ ನಾಲ್ಕು ವೋಚರ್ ಮನೆಗೆ ಬರುತ್ತದೆ. ಯೋಜನೆಗೆ ಸೇರಿದ ಅಭ್ಯರ್ಥಿಗೆ ಅದನ್ನು ಕೊಡಬಹುದು, ಹಣ ಊರಿನ ಬೊಕ್ಕಸದಿಂದ ಹೋಗುತ್ತದೆ. ಸಿಯಾಟಲ್‌ನಲ್ಲಿ ವಾಸವಿರುವ, 18 ತುಂಬಿದ ಗ್ರೀನ್ ಕಾರ್ಡ್‌ನವರಿಗೂ ಇದು ಸಿಗುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರು ಇಲ್ಲದವರಿಗೆ ತಾನಾಗಿ ಬರೋದಿಲ್ಲ, ಅರ್ಜಿ ಹಾಕಬೇಕು. ಯಾರು ಯಾರಿಗೆ ಕೊಟ್ಟರು ಅನ್ನೋದು ಬಹಿರಂಗ ದಾಖಲೆ, ಅದನ್ನೂ ಅತ್ತಿಗೆಗೆ ಮೊದಲೇ ಹೇಳಿ.

ಹೊಸ ಮತದಾರ, ಬೀಕನ್ ಹಿಲ್

ಅತ್ತಿಗೆಗೆ ಇದು ಗೊತ್ತೇ ಇರಲಿಲ್ಲ. ಹೇಳಿದ ಕೂಡಲೇ ಅವರು ಕೇಳಿದ್ದು: ‘ನಮ್ಮ ಬಸ್ ಸ್ಟಾಪಿಗೆ ನೆರಳು ಹಾಕಿಸ್ತೀನಿ ಅಂತ ಯಾರು ಹೇಳಿದ್ದಾರೆ ನೋಡು, ಮೊದಲು ಅವರ ದೇಣಿಗೆ ಪಟ್ಟಿ ತೆಗಿ.’ ಈ ವಾರಾಂತ್ಯ ಇಬ್ಬರೂ ಕೂತು ನೋಡುತ್ತೇವೆ. ಧನ್ಯವಾದ ಅಕ್ಕಾ.